ಸ್ಯಾಂಪಲ್ ಮನೆಯವರು

ನನಗೂ ಒಂದು ಮನೆ ಇತ್ತು. ಊರಿನ ನಟ್ಟನಡುವೆ, ಹದಿನಾಲ್ಕನೇ ಮಹಡಿಯಲ್ಲಿ. ನಾಲ್ಕು ಕೋಣೆ, ಮೂರು ಬಚ್ಚಲು, ಬಾಲ್ಕನಿಗೆ ಹೋಗಿ ನಿಂತರೆ ಇಡೀ ಊರು ಕಾಲ ಕೆಳಗೆ. ಬೆಳಿಗ್ಗೆ ಹತ್ತಕ್ಕೆ ಸಿಕ್ಕಿತು, ಮಧ್ಯಾಹ್ನ ಎರಡಕ್ಕೆ ಹೋಯಿತು. ನಗಬೇಡಿ. ನಾಲ್ಕು ಗಂಟೆಯಾದರೂ ಇತ್ತಲ್ಲ. ಅಥವಾ ನಗಿ, ಪರವಾಗಿಲ್ಲ. ನಾವೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಸಿಟ್ಟು ನೆತ್ತಿಗೇರಿದರೆ ನನಗೆ ನಗು ಬರುತ್ತದೆ, ಹುಟ್ಟುಗುಣ, ಏನು ಮಾಡಲಿ.

ನಾನು ಆ ಮನೆಯ ನೆಲ ಒರೆಸುವವಳು. ಅದು ಮಾರುವ ಮನೆಯಲ್ಲ, ತೋರಿಸುವ ಮನೆ. ಸ್ಯಾಂಪಲ್ ಮನೆ ಅನ್ನುತ್ತಾರೆ. ಕೊಳ್ಳಲು ಬಂದವರು ಅದನ್ನು ನೋಡಿ, ಅದರ ಹಾಗಿರುವ ಬೇರೆ ಮನೆಗೆ ದುಡ್ಡು ಕಟ್ಟುತ್ತಾರೆ. ಅಲ್ಲಿ ಟಿ.ವಿ. ರಟ್ಟಿನದು. ಬುಟ್ಟಿಯಲ್ಲಿರುವ ಹಣ್ಣು ಪ್ಲಾಸ್ಟಿಕ್ಕಿನದು. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ, ಹೊಟ್ಟೆಯಿಲ್ಲ. ದಿನಾ ನಾನು ಆ ಸುಳ್ಳು ಹಣ್ಣಿನ ನಿಜವಾದ ಧೂಳು ಒರೆಸಬೇಕು. ನನ್ನ ಅತ್ತೆ ಅದೇ ಕಟ್ಟಡದ ಕೆಳಗೆ ಅಂಗಳ ಗುಡಿಸುತ್ತಾರೆ, ಅರವತ್ತೆಂಟು ವರ್ಷ, ಮಂಡಿ ಎರಡೂ ಹೋಗಿವೆ. ನನ್ನ ಗಂಡ ಪೇಂಟರ್. ಗೋಡೆಗೆ ಯಾರ ಕೈ ತಾಗಿದರೂ ಓಡಿ ಹೋಗಿ ಬಣ್ಣ ಹಚ್ಚುವುದು ಅವನ ಕೆಲಸ.

ಆ ಕಟ್ಟಡ ನಿಂತಿರುವ ಜಾಗದಲ್ಲಿ ಮೊದಲು ನಮ್ಮ ಓಣಿ ಇತ್ತು. ಇಪ್ಪತ್ತೆರಡು ಮನೆ, ಎರಡು ನಲ್ಲಿ, ಇಪ್ಪತ್ತೆರಡು ಥರದ ಜಗಳ. ಅತ್ತೆ ಮದುವೆಯಾಗಿ ಬಂದದ್ದು ಅಲ್ಲಿಗೆ, ನಾನು ಬಂದದ್ದೂ ಅಲ್ಲಿಗೇ. ಒಲೆಯ ಮೇಲೆ ಅಡುಗೆಗಿಟ್ಟು ಹೋಗಿ ಒಂದು ಮನೆಯ ಪಾತ್ರೆ ತೊಳೆದು ಬರುವಷ್ಟರಲ್ಲಿ ಅಡುಗೆ ಆಗಿರುತ್ತಿತ್ತು. ಕೆಲಸ ಅಷ್ಟು ಹತ್ತಿರ. ಆರು ವರ್ಷದ ಹಿಂದೆ ಕಂಪನಿಯವರು ಬಂದರು. ಎರಡು ವರ್ಷ ಊರಾಚೆ ಇರಿ, ಆಮೇಲೆ ಇದೇ ಜಾಗದ ಹಿಂಭಾಗದಲ್ಲಿ ಮೂರು ಮಹಡಿ ಕಟ್ಟಿ ಎಲ್ಲರಿಗೂ ಒಂದು ಕೋಣೆ, ಒಂದು ಅಡುಗೆಮನೆ ಕೊಡುತ್ತೇವೆ ಅಂತ ಕಾಗದ ಬರೆದುಕೊಟ್ಟರು. ನಮ್ಮದು ಮೂರನೇ ಮಹಡಿ, ಎಡದಿಂದ ಎರಡನೇ ಕಿಟಕಿ. ಆ ಎರಡು ವರ್ಷ ಈಗ ಆರು ವರ್ಷ ಆಗಿದೆ. ಹಿಂಭಾಗದಲ್ಲಿ ಮುಳ್ಳುಗಿಡ ಬೆಳೆದಿದೆ.

ನಾವಿರುವುದು ತಗಡಿನ ಮನೆಯಲ್ಲಿ. ಅಲ್ಲಿಂದ ಕೆಲಸಕ್ಕೆ ಎರಡು ಬಸ್ಸು, ಎರಡೂವರೆ ಗಂಟೆ. ನಾಲ್ಕೂವರೆಗೆ ಹೊರಟರೆ ಏಳಕ್ಕೆ ಮುಟ್ಟಬಹುದು, ಬಸ್ಸು ಕೆಡದಿದ್ದರೆ. ದಿನಾ ಹೋಗಿಬರುವ ಟಿಕೆಟ್ಟು. ಊರೊಳಗೆ ಒಂದು ಕೋಣೆ ಹಿಡಿಯೋಣ ಅಂದರೆ ಮೂರು ಜನರ ಸಂಬಳ ಒಟ್ಟಿಗೆ ಸುರಿದರೂ ಬಾಡಿಗೆಗೆ ಸಾಲದು. ಊರೊಳಗಿನ ನೆಲ ಒರೆಸುವವಳಿಗೆ ಊರೊಳಗಿನ ನೆಲದ ಮೇಲೆ ಮಲಗುವ ಯೋಗ್ಯತೆ ಇಲ್ಲ. ಊರಾಚೆ ಬಾಡಿಗೆ ಕಡಿಮೆ, ಆದರೆ ಅಲ್ಲಿ ಒರೆಸಲು ನೆಲವೇ ಇಲ್ಲ, ಬರೀ ಮಣ್ಣು. ಮಗಳು ಏಳುವಾಗ ನಾವಿರುವುದಿಲ್ಲ, ನಾವು ರಾತ್ರಿ ವಾಪಸ್ ಹೋಗುವಾಗ ಅವಳು ತೂಕಡಿಸುತ್ತಿರುತ್ತಾಳೆ. ಭಾನುವಾರ ಎದುರಿಗೆ ನಿಲ್ಲಿಸಿ ನೋಡಿದರೆ ಪ್ರತಿ ಸಲ ಒಂದಿಷ್ಟು ಎತ್ತರ ಆಗಿರುತ್ತಾಳೆ, ನಮಗೆ ಹೇಳದೆ ಕೇಳದೆ.

ಕೆಲಸಕ್ಕೆ ಬಂದ ಕೂಡಲೇ ಹಾಜರಿ ಮಿಷಿನ್ನಿಗೆ ಹೆಬ್ಬೆರಳು ಒತ್ತಬೇಕು. ನನ್ನ ಹೆಬ್ಬೆರಳಿನ ಗೆರೆಗಳನ್ನು ಬಚ್ಚಲು ತೊಳೆಯುವ ಆಸಿಡ್ಡು ತಿಂದುಹಾಕಿದೆ. ಮಿಷಿನ್ನು 'ಮತ್ತೆ ಪ್ರಯತ್ನಿಸಿ' ಅನ್ನುತ್ತದೆ. ನಾನು ಉಗುಳು ಹಚ್ಚಿ ಒತ್ತುತ್ತೇನೆ, ಉಫ್ ಅಂತ ಊದಿ ಒತ್ತುತ್ತೇನೆ, ಬೈದು ಒತ್ತುತ್ತೇನೆ. ಅಷ್ಟರಲ್ಲಿ ಏಳೂ ಐದು. ಲೇಟು. ಕಟ್ಟಡದ ಕೊಳೆ ತೆಗೆದು ತೆಗೆದು ನನ್ನ ಗೆರೆ ಹೋದವು, ಈಗ ಅದೇ ಕಟ್ಟಡ ನೀನ್ಯಾರು ಅಂತ ನನ್ನನ್ನೇ ಕೇಳುತ್ತದೆ.

ಆ ದಿನವೂ ಹಾಗೆಯೇ ಲೇಟಾಗಿ ಮೇಲೆ ಹೋದೆ. ಮೊದಲ ಕೆಲಸ ಕಸದ ಬುಟ್ಟಿ. ಸ್ಯಾಂಪಲ್ ಮನೆಯ ಬಾಗಿಲು ತೆರೆದ ತಕ್ಷಣ ಒಂದು ದೊಡ್ಡ ಮೇಜು. ಅದರ ಮೇಲೆ ಇಡೀ ಕಟ್ಟಡದ ಗೊಂಬೆ, ಸುತ್ತ ಗೊಂಬೆ ಮರ, ಗೊಂಬೆ ಕಾರು, ಗೊಂಬೆ ಜನ. ಹಿಂಭಾಗದಲ್ಲಿ ಬೆಂಕಿಪೆಟ್ಟಿಗೆಯಷ್ಟು ಒಂದು ಬಿಳಿ ಕಟ್ಟಡ. ಅದೇ ನಮ್ಮದು. ಆರು ವರ್ಷದಿಂದ ಅಷ್ಟನ್ನು ಮಾತ್ರ ಕಟ್ಟಿದ್ದರು. ಮೂರನೇ ಮಹಡಿಯ ಎರಡನೇ ಕಿಟಕಿಗೆ ಅತ್ತೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಿದ್ದರು, ಯಾರೂ ನೋಡದಾಗ. ನಾನು ದಿನಾ ಬ್ರಷ್ಷಿನಿಂದ ಅದರ ಧೂಳು ತೆಗೆಯುತ್ತಿದ್ದೆ, ಉಳಿದ ಹದಿನಾಲ್ಕು ಮಹಡಿಗಿಂತ ಒಂದು ಕೈ ಹೆಚ್ಚಾಗಿ.

ಆ ದಿನ ನೋಡಿದರೆ ಅದು ಕಸದ ಬುಟ್ಟಿಯಲ್ಲಿದೆ! ಟೀ ಕಪ್ಪುಗಳ ನಡುವೆ, ಅಂಗಾತ.

ಥಟ್ಟನೆ ಎತ್ತಿಕೊಂಡು ಬಾಗಿಲ ಕಡೆ ನೋಡಿದೆ. ಹಿಂದೊಮ್ಮೆ ನನ್ನ ಬ್ರಷ್ಷು ತಾಗಿ ಒಂದು ಗೊಂಬೆ ಮರ ಮುರಿದಿತ್ತು, ಕಡಲೆಕಾಳಿನಷ್ಟು ಮರ. ಅದಕ್ಕೆ ಮ್ಯಾನೇಜರು ಒಂದು ದಿನದ ಸಂಬಳ ಹಿಡಿದಿದ್ದರು. ಮರಕ್ಕೆ ಒಂದು ದಿನವಾದರೆ ಕಟ್ಟಡಕ್ಕೆ ಎಷ್ಟು! ನಿನ್ನೆ ಸಂಜೆ ಒರೆಸುವಾಗ ನನ್ನ ಕೈಯಿಂದಲೇ ಕಿತ್ತುಬಂದಿರಬೇಕು, ಯಾರೋ ಕಸ ಅಂತ ಎತ್ತಿಹಾಕಿರಬೇಕು ಅಂದುಕೊಂಡೆ. ನಾವು ಹಾಗೆಯೇ ಅಂದುಕೊಳ್ಳುವುದು. ಏನು ಮುರಿದರೂ ಮೊದಲು ನಮ್ಮ ಕೈ ನೋಡಿಕೊಳ್ಳುತ್ತೇವೆ.

ಓಡಿಹೋಗಿ ಗಂಡನ ಪೆಟ್ಟಿಗೆಯಿಂದ ಅಂಟು ತಂದೆ. ಬಚ್ಚಲಿನ ಟೈಲ್ಸ್ ಅಂಟಿಸುವ ಅಂಟು, ಒಣಗಿದರೆ ಆನೆ ಎಳೆದರೂ ಬರುವುದಿಲ್ಲ. ಅಂಟಿಸಲು ಹೋದರೆ ಹಿಂಭಾಗದಲ್ಲಿ ನೀಲಿ ಹಾಳೆ ಹಾಸಿದೆ, ಮೇಲೆ ಮಿಣಮಿಣ ಪುಡಿ. ಇದೇನಪ್ಪ ಹೊಸ ಅಲಂಕಾರ ಅಂತ ಒಂದು ಗಳಿಗೆ ಯೋಚಿಸಿದೆ. ಆದರೆ ನಮ್ಮ ಮನೆಯ ಜಾಗ ನನಗೆ ಗೊತ್ತಿಲ್ಲವೇ? ನೀಲಿ ಹಾಳೆಯ ಮೇಲೆಯೇ ಅಂಟು ಸುರಿದು, ಕಟ್ಟಡ ಕೂರಿಸಿ, ಇನ್ನೂರು ಎಣಿಸುವವರೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಗೆರೆಯಿಲ್ಲದ ಹೆಬ್ಬೆರಳು ಒತ್ತಲಿಕ್ಕೆ ಅಡ್ಡಿಯಿಲ್ಲ. ಆಮೇಲೆ ನಿಟ್ಟುಸಿರು ಬಿಟ್ಟು ನೆಲ ಒರೆಸಲು ಹೋದೆ.

ಒಂಬತ್ತಕ್ಕೆ ಮ್ಯಾನೇಜರು ಓಡೋಡಿ ಬಂದರು. ನಾವು ಅವರನ್ನು ನಮ್ಮೊಳಗೆ ಹಲ್ಲುಸಾರ್ ಅನ್ನುತ್ತೇವೆ. ಕೊಳ್ಳುವವರ ಮುಂದೆ ಮೂವತ್ತೆರಡನ್ನೂ ತೋರಿಸುತ್ತಾರೆ, ನಮ್ಮ ಮುಂದೆ ಒಂದನ್ನೂ ಇಲ್ಲ. ಅವತ್ತು ಮಾತ್ರ ನಮಗೂ ನಾಲ್ಕೈದು ತೋರಿಸಿದರು.

"ಏಯ್, ನಿನ್ನ ಗಂಡನ್ನ ಕರಿ. ಆ ಗುಡಿಸೋ ಅಜ್ಜಿ ನಿನ್ನ ಅತ್ತೆ ಅಲ್ವಾ? ಅವರನ್ನೂ ಕರಿ. ಬೇಗ!"

ವಿಷಯ ಇಷ್ಟು. ಆ ದಿನ ದೊಡ್ಡ ಪಾರ್ಟಿ ಬರುವುದಿತ್ತು, ಒಂದೇ ಸಲಕ್ಕೆ ನಾಲ್ಕು ಮನೆ ಕೊಳ್ಳುವವರು. ಖಾಲಿ ಮನೆ ತೋರಿಸಿದರೆ ಕಳೆ ಇರುವುದಿಲ್ಲ ಅಂತ ಹಲ್ಲುಸಾರ್ ನಾಟಕದವರಿಗೆ ಹೇಳಿದ್ದರು. ಅಪ್ಪ, ಅಮ್ಮ, ಅಜ್ಜಿ ವೇಷ ಹಾಕಿಕೊಂಡು ಮನೆಯವರ ಹಾಗೆ ಓಡಾಡಬೇಕು. ಈಗ ನಾಟಕದವರ ವ್ಯಾನು ಊರಾಚೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

"ಊರಾಚೆಯಿಂದ ಬರೋರಾದ್ರೆ ನಾಲ್ಕೂವರೆಗೇ ಹೊರಡಬೇಕಿತ್ತು ಸಾರ್," ಅಂದ ನನ್ನ ಗಂಡ. "ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ."

"ಅಧಿಕಪ್ರಸಂಗ ಸಾಕು. ನೀವು ಮೂರು ಜನ ಇವತ್ತು ಈ ಮನೆಯವರು. ಕೈ ಮುಖ ತೊಳ್ಕೊಂಡು ಕಪಾಟಿನಲ್ಲಿರೋ ಬಟ್ಟೆ ಹಾಕ್ಕೊಳ್ಳಿ. ಚೆನ್ನಾಗಿ ಮಾಡಿದ್ರೆ..." ಹಲ್ಲುಸಾರ್ ದನಿ ಇಳಿಸಿದರು. "ಹಿಂದಿನ ಕಟ್ಟಡದ ವಿಷಯ ನಾನೇ ಮೇಲಿನವರ ಹತ್ರ ಮಾತಾಡ್ತೀನಿ. ನಿಮ್ಮ ಮನೆ ಮೊದಲು ಮಾಡ್ಸಿಕೊಡ್ತೀನಿ."

ಅತ್ತೆ ನನ್ನ ಮುಖ ನೋಡಿದರು, ನಾನು ಗಂಡನ ಮುಖ ನೋಡಿದೆ. ಆರು ವರ್ಷದಲ್ಲಿ ಆ ಮನುಷ್ಯನ ಬಾಯಲ್ಲಿ 'ನಿಮ್ಮ ಮನೆ' ಅನ್ನುವ ಮಾತು ಬಂದದ್ದು ಅದೇ ಮೊದಲು. ಮಂಗನ ಹಾಗೆ ಕುಣಿ ಅಂದಿದ್ದರೂ ಕುಣಿಯುತ್ತಿದ್ದೆವು.

ಬಟ್ಟೆ ಹಾಕಿಕೊಳ್ಳುವುದೇ ಒಂದು ತಮಾಷೆ. ಅವು ಅಂಗಡಿಯಿಂದ ತಂದು ತೂಗುಹಾಕಿದ್ದ ಬಟ್ಟೆ, ಬೆಲೆಯ ಚೀಟಿ ಕೀಳುವ ಹಾಗಿಲ್ಲ, ಒಳಗೆ ಮಡಚಿ ಪಿನ್ನು ಹಾಕಬೇಕು. ಗಂಡನಿಗೆ ಬಿಳಿ ಸೂಟು. ಜೀವಮಾನವಿಡೀ ಬಣ್ಣ ಮೆತ್ತಿಕೊಂಡವನಿಗೆ ಬಿಳಿ! ಕೈ ಎಲ್ಲಿಡುವುದು ಗೊತ್ತಾಗದೆ ಎರಡೂ ಕೈ ಮೇಲೆತ್ತಿ ನಿಂತಿದ್ದ. ನನಗೆ ಹಸಿರು ರೇಷ್ಮೆಯ ಉದ್ದ ಅಂಗಿ, ಬೆನ್ನಿಗೆ ಏಳು ಪಿನ್ನು, ಉಸಿರೆಳೆದರೆ ಎಲ್ಲಾದರೂ ಒಂದು ಚುಚ್ಚುತ್ತದೆ. ಅತ್ತೆಗೆ ಕತ್ತಿನ ಸುತ್ತ ತುಪ್ಪಳ ಇರುವ ಕೆಂಪು ಕೋಟು.

"ಲೇ, ಇದೇನೇ, ಬೆಕ್ಕು ಕತ್ತು ತಬ್ಕೊಂಡಂಗಿದೆ!" ಅತ್ತೆ ಕನ್ನಡಿಯ ಮುಂದೆ ಒಮ್ಮೆ ಹೀಗೆ ತಿರುಗಿದರು, ಒಮ್ಮೆ ಹಾಗೆ ತಿರುಗಿದರು. "ನಿಮ್ಮ ಮಾವ ಇದ್ದಿದ್ರೆ ನನ್ನನ್ನ ನೋಡಿ ನಮಸ್ಕಾರ ಮಾಡ್ತಿದ್ರು, ಯಾರೋ ದೊಡ್ಡವರು ಅಂತ."

"ಅಜ್ಜಿ, ನೀವು ಏನೂ ಮಾಡ್ಬೇಡಿ," ಅಂದರು ಹಲ್ಲುಸಾರ್. "ಆ ಸೋಫಾ ಮೇಲೆ ಕೂತಿರಿ ಸಾಕು. ಯಾರು ಬಂದ್ರೂ ಏಳ್ಬೇಡಿ. ಮನೆಯವರು ಏಳಲ್ಲ."

"ಯಾರು ಬಂದ್ರೂನಾ?"

"ಯಾರು ಬಂದ್ರೂ."

"ನೀವು ಬಂದ್ರೂನಾ ಸಾರ್?"

"ಅಯ್ಯೋ, ನಾನು ಬಂದ್ರೂ! ಕೂತಿರಿ ಅಂದ್ರೆ ಕೂತಿರಿ."

ಅತ್ತೆ ಕೂತರು. ದಿನಾ ನಾನೇ ಉಜ್ಜುವ ಸೋಫಾ, ಒಂದು ದಿನ ಕೂತವಳಲ್ಲ, ಕೂತರೆ ಕೆಲಸ ಹೋಗುತ್ತಿತ್ತು. ಅತ್ತೆ ಕೂತವರು ಒಳಗೆ ಇಳಿದರು, ಇಳಿಯುತ್ತಲೇ ಹೋದರು. "ಲೇ ಲೇ, ಹಿಡ್ಕೊಳೇ, ಮುಳುಗ್ತಾ ಇದೀನಿ!" ಅಂತ ಕೈ ಚಾಚಿದರು. ನಾನು ಎಳೆಯಲು ಹೋಗಿ ನಾನೂ ಬಿದ್ದೆ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಕಿಸಕಿಸ ನಗುತ್ತಿದ್ದೆವು. ಪಿನ್ನು ಚುಚ್ಚುತ್ತಿದ್ದವು, ಆದರೂ ನಗು ನಿಲ್ಲಲಿಲ್ಲ. ಅತ್ತ ಗಂಡ ಓದುವವನ ಹಾಗೆ ಕಾಣಬೇಕು ಅಂತ ಒಂದು ಪುಸ್ತಕ ಎಳೆದ, ಇಡೀ ಸಾಲು ಒಂದೇ ಹಲಗೆಯಾಗಿ ಕೈಗೆ ಬಂತು. ಹಲ್ಲುಸಾರ್ ತಲೆ ಚಚ್ಚಿಕೊಂಡರು.

ಹತ್ತಕ್ಕೆ ಪಾರ್ಟಿ ಬಂತು. ಏಳೆಂಟು ಜನ, ಆದರೆ ಮಾತೆಲ್ಲ ಇಬ್ಬರದೇ. ಒಬ್ಬಳು ಮುತ್ತಿನ ಸರದ ಹೆಂಗಸು. ಇನ್ನೊಬ್ಬರು ಅವಳ ಅಪ್ಪ, ಕೋಲು ಹಿಡಿದ ಮುದುಕರು, ಹೋದಲ್ಲೆಲ್ಲ ಗೋಡೆ ಬಾಗಿಲು ತಟ್ಟಿ ತಟ್ಟಿ ನೋಡುವವರು. ಹಲ್ಲುಸಾರ್ ಮೂವತ್ತೆರಡನ್ನೂ ಬಿಚ್ಚಿ, "ಇವರು ಇಲ್ಲಿ ವಾಸ ಇರೋ ಕುಟುಂಬ, ನಿಮಗೋಸ್ಕರ ಬಾಗಿಲು ತೆರೆದಿದ್ದಾರೆ," ಅಂದರು.

"ಇಲ್ಲಿಂದ ನಿಮಗೆ ಕೆಲಸಕ್ಕೆ ದೂರ ಆಗಲ್ವಾ?" ಮುತ್ತಿನ ಸರ ನನ್ನನ್ನು ಕೇಳಿದಳು.

"ಇಲ್ಲಮ್ಮ, ನನ್ನ ಕೆಲಸ ಇದೇ ಮನೇಲೇ."

"ಮನೆಯಿಂದಲೇ ಕಂಪನಿ ನಡೆಸ್ತಾರೆ," ಹಲ್ಲುಸಾರ್ ನಡುವೆ ಬಾಯಿ ಹಾಕಿದರು.

"ಯಜಮಾನರು?"

"ಬಣ್ಣ," ಅಂದ ನನ್ನ ಗಂಡ.

"ಕಲಾವಿದರು," ಅಂದರು ಹಲ್ಲುಸಾರ್, ಬೆವರು ಒರೆಸಿಕೊಳ್ಳುತ್ತ. "ಮಗಳು ಹೊರದೇಶದಲ್ಲಿ ಓದ್ತಿದಾಳೆ."

"ಹೌದಾ, ತುಂಬಾ ದೂರನಾ?"

"ದೂರ ಅಂದ್ರೆ ದೂರ ಕಣಮ್ಮ," ಅತ್ತೆ ಸೋಫಾದ ಆಳದಿಂದ ಅಂದರು. "ಎರಡು ಸಲ ಹತ್ತಿ ಇಳೀಬೇಕು. ಆದ್ರೂ ವಾರಕ್ಕೊಂದು ಸಲ ಮುಖ ನೋಡಿ ಬರ್ತೀವಿ."

"ವಾರಕ್ಕೊಂದು ಸಲ!" ಮುತ್ತಿನ ಸರ ಬೆರಗಾಗಿ ಹೋದಳು. ಎಷ್ಟು ದುಡ್ಡಿರಬೇಕು ಇವರ ಹತ್ತಿರ ಅನ್ನುವುದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ನನಗೆ ನಗು ಗಂಟಲವರೆಗೆ ಬಂದು ನಿಂತಿತ್ತು. ಗಂಡ ನನ್ನ ಮುಖ ನೋಡದೆ ಗೋಡೆ ನೋಡುತ್ತಿದ್ದ, ನೋಡಿದರೆ ಮುಗಿಯಿತು ಅಂತ ಅವನಿಗೂ ಗೊತ್ತು.

ಹನ್ನೆರಡರವರೆಗೂ ಹೀಗೇ ನಡೆಯಿತು. ಅವರು ಕೋಣೆ ಕೋಣೆ ನೋಡಿದರು, ಕೂತು ಜ್ಯೂಸು ಕುಡಿದರು, ಮತ್ತೆ ಕೋಣೆ ನೋಡಿದರು. ನಿಜ ಹೇಳುತ್ತೇನೆ, ನನಗೆ ಅಮಲೇರಿತ್ತು. ಕಾಲ ಮೇಲೆ ಕಾಲು ಹಾಕಿದೆ. ಒಂದು ಸಲ "ನೆಲ ಜಾರುತ್ತೆ, ಹುಷಾರು, ಈಗಷ್ಟೇ ಒರೆಸಿದಾರೆ," ಅಂದೆ, ಒರೆಸಿದವಳು ಯಾರೋ ಬೇರೆಯವಳು ಅನ್ನುವ ಹಾಗೆ.

ಆಮೇಲೆ ಮುತ್ತಿನ ಸರ ನನ್ನ ಪಕ್ಕ ಕೂತು, ಸರೀಕಳ ಹತ್ತಿರ ಕಷ್ಟ ಹೇಳಿಕೊಳ್ಳುವ ಹಾಗೆ, "ಕೆಲಸದವರದ್ದೇ ತಲೆನೋವು ಅಲ್ವಾ?" ಅಂದಳು. "ನಮ್ಮವಳು ದಿನಾ ಲೇಟು. ಕೇಳಿದ್ರೆ ಬಸ್ಸು ಅಂತಾಳೆ. ದಿನಾ ಬಸ್ಸು ಕೆಡುತ್ತಾ?"

"ಎಲ್ಲಿರ್ತಾಳೆ ಅವಳು?"

"ಎಲ್ಲೋ ಆಚೆ ಕಡೆ. ನಾನು ಕೇಳಿಲ್ಲ."

"ಎಷ್ಟು ವರ್ಷದಿಂದ ಬರ್ತಾಳೆ?"

"ಏಳು ವರ್ಷ ಆಯ್ತು."

ನನ್ನ ನಾಲಿಗೆ ತುರಿಸಿತು. ಹಿಂದಿನ ಕಟ್ಟಡ, ಎರಡನೇ ಕಿಟಕಿ, ನಿಮ್ಮ ಮನೆ ಮೊದಲು ಮಾಡಿಸಿಕೊಡುತ್ತೇನೆ. ನಾಲಿಗೆ ಕಚ್ಚಿ ಹಿಡಿದೆ.

ಆಗಲೇ ಮುದುಕರ ಕೈ ನಡುಗಿ ಜ್ಯೂಸಿನ ಲೋಟ ಬಿತ್ತು. ಬಿಳಿ ಕಾರ್ಪೆಟ್ಟಿನ ಮೇಲೆ, ತುಂಬಿದ ಲೋಟ.

ಅದು ಹೇಗಾಯಿತೋ ಕಾಣೆ. ಲೋಟ ಉರುಳಿ ನಿಲ್ಲುವ ಮೊದಲೇ ನಾವು ಮೂರೂ ಜನ ಮಂಡಿಯೂರಿ ನೆಲದ ಮೇಲಿದ್ದೆವು. ನಾನು ಹಸಿರು ರೇಷ್ಮೆಯ ಅಂಚಿನಿಂದ ಒತ್ತುತ್ತಿದ್ದೆ. ಗಂಡ ಬಿಳಿ ಸೂಟಿನ ತೋಳಿನಿಂದ ಒರೆಸುತ್ತಿದ್ದ. ಹೋದ ಮಂಡಿಯ ನನ್ನ ಅತ್ತೆ ಆ ಸೋಫಾದ ಪಾತಾಳದಿಂದ ಹೇಗೆ ಎದ್ದು ಬಂದರೋ, ತುಪ್ಪಳದಿಂದ ಜ್ಯೂಸು ಹೀರುತ್ತಿದ್ದರು. "ಉಜ್ಜಬೇಡ್ರೀ, ಒಳಗೆ ಇಳಿಯುತ್ತೆ! ಒತ್ತಿ, ಒತ್ತಿ!" ಅಂತ ನಾನು ಕೂಗಿದೆ. "ಉಪ್ಪು ತಾರೋ!" ಅಂತ ಅತ್ತೆ ಕೂಗಿದರು. ಕಲೆ ಪೂರ್ತಿ ಹೋದ ಮೇಲೆ ತಲೆಯೆತ್ತಿದೆವು. ಎಂಟು ಜನ ಬಾಯಿ ತೆರೆದು ನಿಂತಿದ್ದರು. ನನ್ನ ಬೆನ್ನಿನ ಪಿನ್ನು ಕಿತ್ತು ಬೆಲೆಯ ಚೀಟಿ ಹೊರಗೆ ತೂಗಾಡುತ್ತಿತ್ತು.

"ನೋಡಿ, ಎಂಥ ಸರಳ ಜನ!" ಹಲ್ಲುಸಾರ್ ಚಪ್ಪಾಳೆ ತಟ್ಟಿದರು. "ಎಷ್ಟು ದುಡ್ಡಿದ್ರೂ ಒಂಚೂರು ಅಹಂಕಾರ ಇಲ್ಲ. ಬನ್ನಿ ಬನ್ನಿ, ಈಜುಕೊಳ ತೋರಿಸ್ತೀನಿ." ಅಂತ ಎಲ್ಲರನ್ನೂ ಗೊಂಬೆ ಕಟ್ಟಡದ ಮೇಜಿನ ಹತ್ತಿರ ದಬ್ಬಿಕೊಂಡು ಹೋದರು.

ಈಜುಕೊಳ? ಎಲ್ಲಿಯ ಈಜುಕೊಳ? ನಾನು ಎದ್ದು ಹಿಂದೆ ಹೋದೆ.

"ಹಿಂಭಾಗ ಪೂರ್ತಿ ನೀರು ಸಾರ್, ನಿಮಗೆ ಮಾತ್ರ, ಹೊರಗಿನವರು ಒಬ್ಬರೂ ಬರೋ ಹಾಗಿಲ್ಲ," ಹಲ್ಲುಸಾರ್ ಮುದುಕರ ಮುಖ ನೋಡಿಕೊಂಡೇ ಕೈ ತೋರಿಸುತ್ತಿದ್ದರು.

ಮುದುಕರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಈಜುಕೊಳದ ನಡುವೆ ಇದೇನ್ರೀ ಕಟ್ಟಡ?"

ಹಲ್ಲುಸಾರ್ ತಿರುಗಿ ನೋಡಿದರು. ಮೂವತ್ತೆರಡೂ ಒಂದೇ ಸಲಕ್ಕೆ ಒಳಗೆ ಹೋದವು. "ಯಾವನು ಇದನ್ನ ಮತ್ತೆ ಅಂಟಿಸಿದ್ದು? ನಿನ್ನೆ ನಾನೇ ಕೈಯಾರೆ ಕಿತ್ತು ಕಸಕ್ಕೆ ಹಾಕಿದ್ದೆ!"

"ನಾನೇ ಸಾರ್," ಅಂದೆ. "ಬಿದ್ದೋಗಿದೆ ಅಂದ್ಕೊಂಡೆ."

ಬಾಯಿ ಉತ್ತರ ಕೊಟ್ಟಾದ ಮೇಲೆ ತಲೆಗೆ ವಿಷಯ ಮುಟ್ಟಿತು. ಕಿತ್ತು ಕಸಕ್ಕೆ. ಕೈಯಾರೆ. ನಿನ್ನೆಯೇ. ಹಾಗಾದರೆ ಬೆಳಿಗ್ಗೆ ಒಂಬತ್ತಕ್ಕೆ 'ನಿಮ್ಮ ಮನೆ' ಅಂದಾಗ ಆ ಮನೆ ಆಗಲೇ ಟೀ ಕಪ್ಪಿನ ಜೊತೆ ಬುಟ್ಟಿಯಲ್ಲಿತ್ತು. ನಮ್ಮ ಆರು ವರ್ಷ, ಅತ್ತೆಯ ಮಂಡಿ, ನನ್ನ ಬೆರಳು, ಮಗಳು ನಮಗೆ ಕಾಣದೆ ಬೆಳೆದ ಎತ್ತರ, ಎಲ್ಲದರ ಮೇಲೆ ನೀಲಿ ಹಾಳೆ ಹಾಸಿ, ಮಿಣಮಿಣ ಉದುರಿಸಿ, ನಮ್ಮಿಂದಲೇ ವೇಷ ಹಾಕಿಸಿ ಮಾರುತ್ತಿದ್ದ. ಥೂ ನಿನ್ನ ಬಾಯಿಗೆ ಮಣ್ಣು ಹಾಕ! ಅವನಿಗೆ ಇನ್ನು ಬಹುವಚನ ಇಲ್ಲ, ಈ ಕಥೆಯಲ್ಲೂ ಇಲ್ಲ.

ಹಲ್ಲುಸಾರ್ ಕಟ್ಟಡ ಹಿಡಿದು ಎಳೆದ. ಬರಲಿಲ್ಲ. ಎರಡೂ ಕೈ ಹಾಕಿ ಎಳೆದ. ನನ್ನ ಗಂಡ ಹಿಂದಿನಿಂದ ಮೆಲ್ಲಗೆ, "ಅದು ಟೈಲ್ಸ್ ಅಂಟು ಸಾರ್, ಹಂಗೆಲ್ಲ ಬರಲ್ಲ," ಅಂದ. ಹಲ್ಲುಸಾರ್ ಕಾಲು ಮೇಜಿಗೆ ಕೊಟ್ಟು ಎಳೆದ ನೋಡಿ! ಕಟ್ಟಡ ಬಿಡಲಿಲ್ಲ, ನೀಲಿ ಹಾಳೆಯೇ ಎದ್ದಿತು. ಹಾಳೆಯ ಜೊತೆ ಹುಲ್ಲುಹಾಸು ಎದ್ದಿತು. ಮರಗಳು ಪಟಪಟ ಹಾರಿದವು, ಗೊಂಬೆ ಕಾರು ಮುತ್ತಿನ ಸರದವಳ ಚೀಲಕ್ಕೆ ಬಿತ್ತು, ಹದಿನಾಲ್ಕು ಮಹಡಿಯ ಗೊಂಬೆ ಒಂದು ಕ್ಷಣ ಓಲಾಡಿ ದಬಕ್ಕನೆ ಮಕಾಡೆ ಬಿತ್ತು. ಒಳಗಿನ ಪುಟ್ಟ ದೀಪಗಳು ಬಿದ್ದಲ್ಲೇ ಮಿನುಗುತ್ತಿದ್ದವು. ಹಲ್ಲುಸಾರ್ ನೆಲದ ಮೇಲೆ ಕೂತಿದ್ದ. ಅವನ ಕೈಯಲ್ಲಿ ನಮ್ಮ ಮನೆ, ಚುಕ್ಕೆ ಸಮೇತ, ಗಟ್ಟಿಯಾಗಿ ನಿಂತಿತ್ತು.

ಮೊದಲು ನಕ್ಕವಳು ನಾನು. ಬಿದ್ದು ಬಿದ್ದು ನಕ್ಕೆ. ಕಣ್ಣಿಂದ ನೀರು ಸುರಿಯಿತು, ಅದು ನಗುವಿನದೋ ಹೊಟ್ಟೆಯ ಉರಿಯದೋ ನನಗೇ ಗೊತ್ತಿಲ್ಲ. ಗಂಡ ನಕ್ಕ. ಅತ್ತೆ ತುಪ್ಪಳದಲ್ಲಿ ಮುಖ ಮುಚ್ಚಿ ನಕ್ಕರು.

"ಹೊರಗೆ ನಡೀರಿ!" ಅವನು ಕಿರುಚಿದ. "ಮೂರು ಕಾಸಿನ ಜನ! ಬಟ್ಟೆ ಬಿಚ್ಚಿಟ್ಟು ನಡೀರಿ, ಇಲ್ಲೇ, ಈಗಲೇ!"

ಎಂಟು ಜನರ ಮುಂದೆ, ಬಟ್ಟೆ ಬಿಚ್ಚಿಟ್ಟು. ನಗು ನಿಂತಿತು.

ಅತ್ತೆ ನೆಲಕ್ಕೆ ಕೈಯೂರಿ ಎದ್ದರು. ಕುಂಟುತ್ತ ಸೋಫಾದ ಹತ್ತಿರ ಹೋದರು. ಕೋಟು ಸರಿಮಾಡಿಕೊಂಡು ಕೂತರು. ಈ ಸಲ ಮುಳುಗಲಿಲ್ಲ, ಅಂಚಿನಲ್ಲಿ ನೆಟ್ಟಗೆ ಕೂತರು.

"ಏಳ್ರೀ ಮೇಲೆ!"

"ಯಾರು ಬಂದ್ರೂ ಏಳ್ಬೇಡಿ ಅಂದ್ರಲ್ಲ."

"ಹೇಳ್ತಿರೋದು ನಾನು!"

"ನೀವು ಬಂದ್ರೂ ಅಂತಾನೂ ಅಂದ್ರಿ," ಅಂದರು ಅತ್ತೆ. "ನಾನು ಏಳಲ್ಲ. ಹಿಂದೆ ಒಂದು ಸಲ ಎದ್ದೆ. ಏಳಿ ಅಂದ್ರಿ, ಎದ್ದೆ. ಇದೇ ಜಾಗ. ಎದ್ದಿದ್ದೇ ತಪ್ಪಾಯ್ತು."

ನಾನು ಹೋಗಿ ಅವರ ಎಡಕ್ಕೆ ಕೂತೆ. ಗಂಡ ಬಲಕ್ಕೆ ಕೂತ. ಅತ್ತೆ ಎದೆಯೊಳಗಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಕಾಗದ ತೆಗೆದರು. ಆರು ವರ್ಷದಿಂದ ಮೈಗಂಟಿಕೊಂಡೇ ಇರುವ ಕಾಗದ, ಮಡಿಕೆಗಳಲ್ಲಿ ಹರಿದಿದೆ. ಅದನ್ನು ಮುದುಕರ ಕಡೆ ಚಾಚಿದರು. "ಓದಪ್ಪ, ಗಟ್ಟಿಯಾಗಿ ಓದು."

ಮುದುಕರು ಓದಿದರು. ಹಿಂದಿನ ಕಟ್ಟಡ, ಮೂರನೇ ಮಹಡಿ, ಕಂಪನಿಯ ಮೊಹರು, ಎಲ್ಲ. ಓದಿ ಹಲ್ಲುಸಾರ್ ಕಡೆ ತಿರುಗಿದರು. "ಮೊಹರು ಹಾಕಿ ಕೊಟ್ಟಿದ್ದನ್ನೇ ಕಸಕ್ಕೆ ಹಾಕ್ತೀರಿ. ನಾಳೆ ನಮ್ಮ ಕಾಗದ ಯಾವ ಬುಟ್ಟಿಗೆ ಹಾಕ್ತೀರಿ?" ಅಂತ ಕೇಳಿ ಕೋಲು ಊರಿಕೊಂಡು ಹೊರಟರು. ಉಳಿದವರೂ ಹೊರಟರು. ನಮ್ಮ ಮೇಲಿನ ಕರುಣೆಯಿಂದ ಅಲ್ಲ, ಅವರವರ ದುಡ್ಡಿನ ಭಯಕ್ಕೆ. ಅದರ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಮುತ್ತಿನ ಸರದವಳು ಮಾತ್ರ ಬಾಗಿಲಲ್ಲಿ ನಿಂತು, "ನಿಜವಾಗ್ಲೂ ಬಸ್ಸು ಕೆಡುತ್ತಾ?" ಅಂದಳು.

"ದಿನಾ," ಅಂದೆ.

ಆಮೇಲೆ ಸೆಕ್ಯೂರಿಟಿಯವರು ಇಬ್ಬರು ಬಂದರು. ಒಬ್ಬ ನಮ್ಮ ಓಣಿಯ ಅಳಿಯನೇ, ನಮ್ಮ ಬಸ್ಸಿನಲ್ಲೇ ಬರುವವನು. ಅತ್ತೆಯನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ. ಮುಟ್ಟದೆ ಎಬ್ಬಿಸುವುದು ಹೇಗೆ? "ಸೋಫಾ ಸಮೇತ ಎತ್ತಿ ಬಿಸಾಕ್ರೋ!" ಅಂತ ಹಲ್ಲುಸಾರ್ ಕೂಗಿದ. ಅಳಿಯನಿಗೆ ಭಾರ ಆಗದಿರಲಿ ಅಂತ ನಾನೂ ಗಂಡನೂ ಇಳಿದು ಬಾಗಿಲಾಚೆ ಹೋಗಿ ನಿಂತೆವು. ಎತ್ತಿದರು. ಅತ್ತೆ ಮೆರವಣಿಗೆ ಹೊರಟವರ ಹಾಗೆ ಕೈ ಬೀಸಿದರು. ಬಾಗಿಲಿಗೆ ಬಂದಾಗ ಸೋಫಾ ಚೌಕಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಹೋಗದು, ಹಿಂದೆ ಬರದು. "ಮೆಲ್ಲಗ್ರೋ, ಬಣ್ಣ ಕಿತ್ತೋಗುತ್ತೆ!" ಅಂತ ನನ್ನ ಗಂಡ ಅಭ್ಯಾಸಬಲದಿಂದ ಅಂದ, ಅಂದವನೇ ಹಣೆ ಚಚ್ಚಿಕೊಂಡು ನಕ್ಕ.

ಒಂದೊಂದೇ ಮಹಡಿಯಿಂದ ನಮ್ಮವರು ಬಂದರು. ಬಚ್ಚಲು ತೊಳೆಯುವವರು, ಗಾಜು ಒರೆಸುವವರು, ಕಾರು ತೊಳೆಯುವವರು, ಹಳೆಯ ಓಣಿಯ ಹನ್ನೊಂದು ಜನ. ಬಾಗಿಲ ಚೌಕಟ್ಟಿನಲ್ಲಿ ಕೆಂಪು ಕೋಟು ಹಾಕಿಕೊಂಡು ಕೂತ ಅತ್ತೆಯನ್ನು ನೋಡಿದರು. ಏನಾಯಿತು ಅಂತ ನಾನು ಹೇಳಿದೆ. ಹಿಂದಿನ ಕಟ್ಟಡ ಇಲ್ಲ, ನೀರು ತುಂಬುತ್ತಾರಂತೆ ಅಂತ ಹೇಳಿದೆ. ಯಾರೂ ಅಳಲಿಲ್ಲ. ಒಬ್ಬೊಬ್ಬರೇ ಕೈಯಲ್ಲಿದ್ದ ಬ್ರಷ್ಷು, ಬಕೆಟ್ಟು ಕೆಳಗಿಟ್ಟು ಕಾರಿಡಾರಿನಲ್ಲಿ ಕೂತರು. ಅಷ್ಟು ಜನ ಒಟ್ಟಿಗೆ ಕೂತದ್ದನ್ನು ಆ ಕಟ್ಟಡ ಅದೇ ಮೊದಲು ನೋಡಿದ್ದು.

ಎರಡು ಗಂಟೆಗೆ ಅತ್ತೆ ತಾವಾಗಿಯೇ ಎದ್ದರು. "ಎರಡೂಕಾಲಿನ ಬಸ್ಸು ಸಿಕ್ಕಿದ್ರೆ ಮಗು ಶಾಲೆಯಿಂದ ಬರೋ ಹೊತ್ತಿಗೆ ಮನೇಲಿರ್ತೀವಿ," ಅಂದರು.

"ನಾಳೆಯಿಂದ ಬರ್ಬೇಡಿ!" ಹಲ್ಲುಸಾರ್ ಸೋಫಾದ ಆಚೆಯಿಂದ ಕೂಗಿದ. ಅವನಿಗೆ ಹೊರಗೆ ಬರಲು ಜಾಗವಿರಲಿಲ್ಲ.

"ಬರ್ತೀವಿ," ಅಂದರು ಅತ್ತೆ.

"ಕೆಲಸಕ್ಕೆ ಬರ್ಬೇಡಿ ಅಂದೆ!"

"ಕೆಲಸಕ್ಕೆ ಯಾರು ಬರ್ತಾರೆ?"

ನಾನು ಮಾಪು ಅಲ್ಲೇ ಬಿಟ್ಟೆ. ಬೆರಳು ಒತ್ತಲಿಲ್ಲ. ಗೇಟಿನವನು ಹೊಸಬ, ಕೆಂಪು ಕೋಟು ನೋಡಿ ಎದ್ದು ನಿಂತು ಸಲಾಂ ಹೊಡೆದ. ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ರಸ್ತೆ ತಿರುಗಿದ ಮೇಲೆ ಮೂರೂ ಜನ ಕಂಬ ಹಿಡಿದುಕೊಂಡು ನಕ್ಕೆವು.

ಮಗಳು ಶಾಲೆಯಿಂದ ಬಂದಾಗ ನಾವು ಬಾಗಿಲಲ್ಲಿದ್ದೆವು, ಹಗಲು ಬೆಳಕಿನಲ್ಲಿ. ಅವಳು ಹೆದರಿದಳು. "ಯಾರಿಗೆ ಏನಾಯ್ತು?" ಅಂದಳು. ಅಪ್ಪ ಅಮ್ಮ ಮನೆಯಲ್ಲಿದ್ದರೆ ಯಾರೋ ಸತ್ತಿರಬೇಕು ಅಂದುಕೊಳ್ಳುವ ಮಗು. ಆಮೇಲೆ ಅಜ್ಜಿಯ ಕೋಟು ಕಂಡು ಕಣ್ಣರಳಿಸಿದಳು.

"ಅಜ್ಜಿ, ಇದು ವಾಪಸ್ ಕೊಡ್ಬೇಕಲ್ವಾ?"

"ಕೊಡ್ತೀನಿ ಕಣೇ. ಮೊದಲು ಅವರು ಕೊಡ್ಲಿ."

ಸಂಜೆಯೊಳಗೆ ಇಪ್ಪತ್ತೆರಡು ಮನೆಗೂ ಸುದ್ದಿ ಮುಟ್ಟಿತು. ಮರುದಿನ ನಾಲ್ಕೂವರೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲದ ಕಾಗದ. ಕೆಲವರು ಚಾಪೆ ತಂದಿದ್ದರು, ಒಬ್ಬಳು ಒಲೆ ತಂದಿದ್ದಳು. ಮಗಳು ನನ್ನ ಪಕ್ಕ, ಶಾಲೆಯ ಚೀಲ ಬೆನ್ನಿಗೆ. ಯಾರೋ ಒಬ್ಬ ಕೋಟು ನೋಡಿ ಎದ್ದು ಅತ್ತೆಗೆ ಸೀಟು ಬಿಟ್ಟುಕೊಟ್ಟ. ಆರು ವರ್ಷದಲ್ಲಿ ಆ ಬಸ್ಸಿನಲ್ಲಿ ಅತ್ತೆ ಕೂತದ್ದು ಅದೇ ಮೊದಲು.

ಕಂಡಕ್ಟರ್ ನೂಕಿಕೊಂಡು ಬಂದ. ದಿನಾ ನೋಡುವವನೇ. "ಏನಮ್ಮಾ, ಇವತ್ತು ಊರಿಗೆ ಊರೇ ಹೊರಟಿದೀರ? ಎಲ್ಲಿಗೆ?"

"ಮನೆಗೆ," ಅಂದರು ಅತ್ತೆ.

ಅವನು ಟಿಕೆಟ್ಟಿನ ಕಟ್ಟು ತೆಗೆದ. "ಎಂದಿನಂತೆ ಹೋಗಿಬರೋದೇ ತಾನೆ?"

"ಇಲ್ಲಪ್ಪ," ಅಂದೆ ನಾನು. "ಹೋಗೋದು ಮಾತ್ರ ಕೊಡು."